ಬೈರಮ್ಮ ಹಾಕಿಸಿದ ಬೇಲಿ

ಗಾಂಧಿ ಬಜಾರಿನಲ್ಲಿ ಹೂವಿನ ಸಾಲು ಮುಗಿದು ತರಕಾರಿಯ ಸಾಲು ಆರಂಭವಾಗುವ ಕಡೆ, ಮುಚ್ಚಿಹೋದ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಬೈರಮ್ಮ ಬಾಳೆಎಲೆ ಮಾರುತ್ತಾಳೆ. ಚಳಿಗಾಲದಲ್ಲಿ ಎಲೆಗಳ ಪಕ್ಕಕ್ಕೆ ಒಂದು ಬುಟ್ಟಿ ಹಿತುಕಿದ ಅವರೆಬೇಳೆಯೂ ಬರುತ್ತದೆ. ನಮ್ಮ ಮನೆಯ ಹಬ್ಬ, ಶ್ರಾದ್ಧ, ನಾಮಕರಣಗಳಿಗೆಲ್ಲ ಎಲೆ ಬಂದದ್ದು ಆಕೆಯ ಕೈಯಿಂದಲೇ. ಪ್ರತಿಯೊಂದು ಎಲೆಯನ್ನೂ ಬೆಳಕಿಗೆ ಹಿಡಿದು ನೋಡಿ, ಹರಿದದ್ದನ್ನು ತಾನೇ ತೆಗೆದು ಬೇರೆ ಇಡುವುದು ಆಕೆಯ ಪದ್ಧತಿ. "ಊಟ ಮಾಡೋರಿಗೆ ಸಾರು ತೊಡೆ ಮೇಲೆ ಹರಿದ್ರೆ ನನ್ನೇ ಬೈತಾರೆ ಮೇಷ್ಟ್ರೇ, ನಿಮ್ಮನ್ನಲ್ಲ" ಎಂದು ನಗುತ್ತಿದ್ದಳು. ನಗುತ್ತಿದ್ದಳು ಎಂದು ಬರೆದದ್ದು ಹಳೆಯ ಮಾತು. ನಗುವುದು ನಿಂತು ಈಗ ಹನ್ನೆರಡು ವರ್ಷಗಳಾದವು.

ಆಕೆಯ ತವರಿನವರು ಹನುಮಂತನಗರದ ತಗ್ಗಿನಲ್ಲಿರುವ ಹೊಂಗೆಕಟ್ಟೆ ಕೆರೆಯ ಕೆಳಗೆ ಸೊಪ್ಪು ಬೆಳೆಯುತ್ತಿದ್ದವರು. ಸೊಪ್ಪಿನ ಮಡಿಗಳು ನಿವೇಶನಗಳಾದವು, ನಿವೇಶನಗಳು ಮೂರಂತಸ್ತಿನ ಮನೆಗಳಾದವು. ಉಳಿದದ್ದು ಕೆರೆ, ಏರಿಯ ಹಿಂದಿನ ಗಲ್ಲಿ, ಆ ಗಲ್ಲಿಯಲ್ಲಿ ಬೈರಮ್ಮನ ಒಂದು ಕೋಣೆಯ ಶೀಟಿನ ಮನೆ. ಗಂಡ ಮರಿಯಣ್ಣ ಕಾಟನ್‌ಪೇಟೆಯಲ್ಲಿ ತಳ್ಳುಗಾಡಿಯಿಂದ ಮೂಟೆ ಸಾಗಿಸುತ್ತಿದ್ದ. ಆತ ತೀರಿಕೊಂಡಾಗ ಮಗ ಅನಿಲ್ ಕುಮಾರ್ ಇನ್ನೂ ಸ್ಲೇಟು ಹಿಡಿಯುತ್ತಿದ್ದ.

ಆ ಹುಡುಗನನ್ನು ನಾನು ಕಂಡಿದ್ದೇನೆ. ತೆಳ್ಳಗೆ, ಉದ್ದಕ್ಕೆ ಇದ್ದ. ಮಾತು ಹೆಚ್ಚು. ಶಾಲೆ ಬಿಟ್ಟೊಡನೆ ಬಂದು ತಾಯಿಯ ಪಕ್ಕದಲ್ಲಿ ಕುಳಿತು, ಖಾರ ಹಚ್ಚಿ ಹುರಿದ ಕಾಂಗ್ರೆಸ್ ಕಡಲೆಬೀಜದ ಪೊಟ್ಟಣ ಬಿಚ್ಚಿಕೊಂಡು, ಗಿರಾಕಿಗಳಿಗೆಲ್ಲ ಹಂಚುತ್ತಿದ್ದ. "ಇವ್ನು ವ್ಯಾಪಾರಕ್ಕೆ ಬಂದವ್ನೋ, ದಾನಕ್ಕೆ ಬಂದವ್ನೋ!" ಎಂದು ಬೈರಮ್ಮ ಗದರಿಸುತ್ತಿದ್ದಳು.

ಗಣಪತಿಯನ್ನು ನೀರಿಗೆ ಬಿಟ್ಟು ಬರುವಾಗ ಕೆರೆಯಿಂದ ಒಂದು ಹಿಡಿ ಮಣ್ಣು ತಂದು ಅಕ್ಕಿ ಡಬ್ಬದಲ್ಲಿ ಇಡುವ ಸಂಪ್ರದಾಯ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಅನ್ನಕ್ಕೆ ಕೊರತೆಯಾಗುವುದಿಲ್ಲ ಎಂಬ ನಂಬಿಕೆ. ಆ ವರ್ಷ ಹುಡುಗನಿಗೆ ಹದಿನಾಲ್ಕು ತುಂಬಿತ್ತು. ಗಲ್ಲಿಯ ಹುಡುಗರ ಜೊತೆ ಗಣಪತಿ ಬಿಡಲು ಹೊರಟಾಗ ಬೈರಮ್ಮ, "ಬರಿಗೈಲಿ ಬರ್ಬೇಡ, ಮಣ್ಣು ತಗೊಂಡು ಬಾ" ಎಂದಳು. ಗಣಪತಿ ಮುಳುಗಿತು, ಜೈಕಾರ ಆಯಿತು, ಎಲ್ಲರೂ ಮೆಟ್ಟಿಲು ಹತ್ತಿದರು. ಅರ್ಧ ಹತ್ತಿದ ಮೇಲೆ ಅನಿಲನಿಗೆ ಮಣ್ಣಿನ ನೆನಪಾಯಿತು. "ಅಮ್ಮ ಬಯ್ತಾಳೆ ಕಣ್ರೋ" ಎಂದು ಒಬ್ಬನೇ ಹಿಂದಕ್ಕೆ ಇಳಿದ. ಮೆಟ್ಟಿಲು ಪಾಚಿಗಟ್ಟಿತ್ತು. ಮೇಲೆ ಇನ್ನೂ ತಮಟೆ ಹೊಡೆಯುತ್ತಿದ್ದರು. ಯಾರಿಗೂ ಏನೂ ಕೇಳಿಸಲಿಲ್ಲ. ನೀರಿಗೆ ತಾಗಿದ ಮೆಟ್ಟಿಲ ಮೇಲೆ ಅವನ ಚಪ್ಪಲಿಗಳು ಇದ್ದವು. ಅವನು ಸಿಕ್ಕಿದ್ದು ಮರುದಿನ.

ಅದೇ ತಿಂಗಳ ಕೊನೆಗೆ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ದಿನ. ಎಲೆ ಕೊಳ್ಳಲು ಹೋದಾಗ ಬೈರಮ್ಮ, "ನೋಡಿ ಮೇಷ್ಟ್ರೇ, ನನ್ನ ಮಗ ನನಗಿಂತ ಮೊದ್ಲು ಹಿರಿಯ ಆಗ್ಬಿಟ್ಟ" ಎಂದಳು. ಎಲೆಯ ಕಟ್ಟು ಎತ್ತಿಕೊಂಡು ಮನೆಗೆ ಬಂದೆ.

ಆ ಅಮಾವಾಸ್ಯೆ ಆಕೆಗೆ ವರ್ಷದಲ್ಲೇ ಹೆಚ್ಚು ವ್ಯಾಪಾರದ ದಿನ. ಬಸವನಗುಡಿಯ ಮನೆಮನೆಗೂ ಎಲೆ ಬೇಕು. ನಸುಕಿಗೆ ಕುಳಿತರೆ ಮಧ್ಯಾಹ್ನದವರೆಗೆ ತಲೆ ಎತ್ತಲು ಬಿಡುವಿಲ್ಲ. ಆದರೂ ಅಲ್ಲಿಂದ ಪ್ರತಿವರ್ಷ ಒಂದು ಒಳ್ಳೆಯ ಕುಡಿ ಎಲೆಯನ್ನು ಒದ್ದೆ ಗೋಣಿಯ ಅಡಿಯಲ್ಲಿ ತೆಗೆದಿಡುತ್ತಿದ್ದಳು. "ಅದೊಂದು ಎಲೆ ಕೊಟ್ಬಿಡಮ್ಮ" ಎಂದು ಯಾರಾದರೂ ಪೀಡಿಸಿದರೆ, "ಅದು ಮಾರೋದಲ್ಲ, ನಮ್ಮನೇದು" ಎನ್ನುತ್ತಿದ್ದಳು. ಮನೆಗೆ ಹೋಗಿ ಅನ್ನ ಮಾಡಿ, ಆ ಎಲೆಯ ಮೇಲೆ ಅನ್ನ, ಬಜ್ಜಿ, ಒಂದು ಹಿಡಿ ಕಾಂಗ್ರೆಸ್ ಕಡಲೆಬೀಜ ಬಡಿಸಿ, ಮಗನ ಚಪ್ಪಲಿ ಇದ್ದ ಮೆಟ್ಟಿಲ ಮೇಲೆ ಇಟ್ಟು ದೂರ ನಿಲ್ಲುತ್ತಿದ್ದಳು. ಕಾಗೆ ಬಂದು ಮುಟ್ಟಿದ ಮೇಲೆಯೇ ತಾನು ಊಟ ಮಾಡುವುದು. ಅಕ್ಕಿ ಡಬ್ಬದಲ್ಲಿ ಮಾತ್ರ ಮತ್ತೆ ಮಣ್ಣು ಇಡಲಿಲ್ಲ.

ಇನ್ನೊಂದು ಕೆಲಸವನ್ನೂ ಆಕೆ ಹಿಡಿದಳು. ಕೆರೆಗೆ ಬೇಲಿ ಹಾಕಿಸಬೇಕು, ಇನ್ನೊಂದು ಮಗು ಆ ಮೆಟ್ಟಿಲಿಳಿಯಬಾರದು. ಮಧ್ಯಾಹ್ನ ವ್ಯಾಪಾರ ಮುಗಿಸಿ ಕಚೇರಿಯಿಂದ ಕಚೇರಿಗೆ ಅಲೆದಳು. ಬರಿಗೈಯಲ್ಲಿ ಹೋಗಲು ಸಂಕೋಚವಾಗಿ, ಒಂದು ಕಟ್ಟು ಎಲೆ ಹಿಡಿದುಕೊಂಡೇ ಹೋಗುತ್ತಿದ್ದಳು. ಒಬ್ಬ ಎಂಜಿನಿಯರು ಎಲೆ ತೆಗೆದುಕೊಂಡು, "ಕೆರೆಗೆ ಬೇಲಿ ಹಾಕೋಕೆ ಅದೇನು ನಿಮ್ಮಪ್ಪನ ಸೊಪ್ಪಿನ ಮಡಿಯೇನಮ್ಮ?" ಎಂದು ಕೇಳಿದನಂತೆ. "ಆಗಿದ್ರೆ ಎಂದೋ ಹಾಕಿರ್ತಿದ್ದೆ ಸಾಮಿ" ಎಂದು ಹೇಳಿ ಬಂದಳಂತೆ. ಮುಂದಿನ ತಿಂಗಳು ಅವನ ಬಳಿಗೇ ಮತ್ತೆ ಹೋದಳು.

ಊರಿನವರೂ ಆಕೆಯ ಕಡೆ ಇರಲಿಲ್ಲ. ಆ ಕೆರೆ ಎಲ್ಲರದೂ ಆಗಿತ್ತು. ಬೆಳಗ್ಗೆ ನಡೆಯಲು ಬರುವವರು ಕೊನೆಯ ಮೆಟ್ಟಿಲಲ್ಲಿ ಕುಳಿತು ಕಾಲು ನೆನೆಸುತ್ತಿದ್ದರು. ಗಾಳ ಹಾಕುವವರಿದ್ದರು, ಬಟ್ಟೆ ಒಗೆಯುವವರಿದ್ದರು, ಹೊಸ ಬಾಣಂತಿಯರು ಗಂಗೆಪೂಜೆಗೆ ಬರುತ್ತಿದ್ದರು. "ಒಂದು ಮಗು ಹೋಯ್ತು ಅಂತ ಕೆರೆಗೇ ಬೀಗ ಹಾಕ್ತಾರೇನಮ್ಮ?" ಎಂದು ಕೇಳುತ್ತಿದ್ದರು. ಅವರ ಮಾತೂ ಸುಳ್ಳಲ್ಲ. ಬೈರಮ್ಮ ವಾದ ಮಾಡುತ್ತಿರಲಿಲ್ಲ. "ಸೊಂಟದೆತ್ತರ ಸಾಕು. ಮಕ್ಕಳು ನಿಲ್ಲಬೇಕು, ದೊಡ್ಡೋರು ದಾಟಬೇಕು" ಎನ್ನುತ್ತಿದ್ದಳು.

ಕಳೆದ ವರ್ಷದ ಚಳಿಗಾಲದಲ್ಲಿ ಕೆಲಸ ಆರಂಭವಾಯಿತು. ಆಕೆಯ ಮಾತಿಗೆ ಆಯಿತೋ, ಬೇರೆ ಯಾವ ಯೋಜನೆಗೆ ಆಯಿತೋ, ನನಗೆ ತಿಳಿಯದು. ಕೆರೆಯ ಸುತ್ತ ಉದ್ಯಾನ ಬಂದಿತು. ಹೆಂಚಿನ ನಡಿಗೆ ದಾರಿ, ಕಲ್ಲುಬೆಂಚು, ವ್ಯಾಯಾಮದ ಕಬ್ಬಿಣದ ಯಂತ್ರಗಳು ಬಂದವು. ಗಣಪತಿ ಬಿಡಲು ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿದರು. ದಾರಿಗೂ ನೀರಿಗೂ ನಡುವೆ, ಒಬ್ಬ ಮನುಷ್ಯ ಕೈಯೆತ್ತಿದರೂ ತುದಿ ಸಿಗದಷ್ಟು ಎತ್ತರದ ಹಸಿರು ಬಣ್ಣದ ಬೇಲಿ ನಿಂತಿತು. ಮೆಟ್ಟಿಲುಗಳ ಎದುರಿಗೆ ಒಂದು ಸಣ್ಣ ಬಾಗಿಲು, ಅದಕ್ಕೆ ಬೀಗ. ಉದ್ಯಾನ ಬೆಳಗ್ಗೆ ಸ್ವಲ್ಪ ಹೊತ್ತು, ಸಂಜೆ ನಾಲ್ಕರಿಂದ ಸ್ವಲ್ಪ ಹೊತ್ತು ತೆರೆದಿರುತ್ತದೆ. ಬೀಗದ ಬಾಗಿಲು ಮಾತ್ರ ಎಂದೂ ತೆರೆಯುವುದಿಲ್ಲ.

ಬೈರಮ್ಮ ಮೊದಲ ದಿನ ಬಂದು ಬೇಲಿಯನ್ನು ಉದ್ದಕ್ಕೂ ಕೈಯಿಂದ ಸವರಿಕೊಂಡು ಹೋದಳು. "ಗಟ್ಟಿಯಾಗಿದೆ" ಎಂದಳು. ಕಾವಲುಗಾರ ಮುನಿಸ್ವಾಮಿಗೆ ಒಂದು ಎಲೆಯಡಿಕೆ ಕೊಟ್ಟಳು. ಅಮಾವಾಸ್ಯೆಯ ಯೋಚನೆ ಆಗ ಆಕೆಗೆ ಬಂದಂತೆ ಕಾಣಲಿಲ್ಲ.

ಈ ಸಲದ ಅಮಾವಾಸ್ಯೆಯಂದು ನಾನು ನಾಲ್ಕು ಗಂಟೆಯ ಹೊತ್ತಿಗೆ ಕೆರೆಯ ಕಡೆ ಹೋದಾಗ, ಬೀಗದ ಬಾಗಿಲ ಮುಂದೆ ಜನ ಸೇರಿದ್ದರು. ಕೆಲವರ ಕೈಯಲ್ಲಿ ನೀರಿಗೆ ಬಿಡಬೇಕಾದ ಪಿಂಡದ ತಟ್ಟೆಗಳು, ಕೆಲವರ ಕೈಯಲ್ಲಿ ಎಡೆ. ಮಕ್ಕಳೂ ಬಂದಿದ್ದರು, ಇಬ್ಬರು ಆಗಲೇ ಬೇಲಿಯ ಸರಳು ಹಿಡಿದು ಜೋತಾಡುತ್ತಿದ್ದರು. ಮುಂದೆ ನಿಂತವರು ರಾಮಾನುಜ. ಬ್ಯಾಂಕಿನಿಂದ ನಿವೃತ್ತರು, ನಮ್ಮ ನಡಿಗೆ ಬಳಗದ ಹಿರಿಯರು. ಪಂಚೆ ಉಟ್ಟು, ಬಾಳೆಎಲೆ ಮುಚ್ಚಿದ ತಟ್ಟೆ ಹಿಡಿದಿದ್ದರು. ಆ ಎಲೆ ಬೆಳಗ್ಗೆ ಬೈರಮ್ಮನ ಹತ್ತಿರವೇ ಕೊಂಡದ್ದು.

"ನಮ್ಮಪ್ಪನ ಕಾಲದಿಂದ ಇದೇ ನೀರಿಗೆ ಬಿಡ್ತಿದೀವಿ ಕಣಯ್ಯ. ತೊಟ್ಟಿಗೆ ಬಿಡೋಕಾಗುತ್ತಾ? ತೆಗಿ ಬೀಗ."

"ಸಾರ್, ನನ್ನ ಕೆಲಸ ಹೋಗುತ್ತೆ" ಎಂದು ಮುನಿಸ್ವಾಮಿ ಕೈಮುಗಿದ.

ಅಷ್ಟರಲ್ಲಿ ಬೈರಮ್ಮ ತಲೆಯ ಮೇಲೆ ಸೆರಗು ಹೊದ್ದು, ಎಡೆಯ ತಟ್ಟೆ ಹಿಡಿದುಕೊಂಡು ಬಂದಳು. ಎಲ್ಲರೂ ತಿರುಗಿದರು.

"ಬಂದಳು ನೋಡಿ, ಕೆರೆಗೆ ಬೀಗ ಜಡಿಸಿದೋಳು" ಎಂದು ಹಿಂದಿನಿಂದ ಯಾರೋ ಹೆಂಗಸು ಹೇಳಿದಳು. "ಈಗ ನೀನೂ ನಿಂತ್ಕೋ ತಾಯಿ, ನಮ್ಮ ಜೊತೆ."

ಬೈರಮ್ಮ ಬಾಗಿಲನ್ನು ನೋಡಿದಳು. ಅದರಾಚೆಗೆ ಮೆಟ್ಟಿಲನ್ನು ನೋಡಿದಳು. ಆ ಮುಖ ನೋಡಲಾಗದೆ ಮುನಿಸ್ವಾಮಿ ಸೊಂಟದ ಬೀಗದಕೈ ತೆಗೆದ.

"ಅಕ್ಕ, ನಿಂದು ವಿಷಯ ಬೇರೆ. ನೀನೊಬ್ಳು ಹೋಗಿ ಇಟ್ಟು ಬಂದ್ಬಿಡು. ನಿನಗೆ ತೆಗೀಲಿಲ್ಲ ಅಂದ್ರೆ ನನಗೆ ಅನ್ನ ಇಳಿಯಲ್ಲ."

"ಅವಳಿಗೆ ತೆಗೆದರೆ ನಮಗೂ ತೆಗೀಬೇಕು" ಎಂದು ರಾಮಾನುಜ ಹೇಳಿದರು. ಆಮೇಲೆ ದನಿ ತಗ್ಗಿಸಿದರು. "ಬೈರಮ್ಮ, ಹಟ ಬೇಡ. ನೀನು ಹೂಂ ಅನ್ನು, ಅವನು ತೆಗೀತಾನೆ. ನಿನ್ನ ಮಗನಿಗೂ ಆಯ್ತು, ನಮ್ಮ ಹಿರಿಯರಿಗೂ ಆಯ್ತು. ಒಂದೇ ದಿನ ತಾನೇ?"

"ಗಣಪತಿ ಬಿಡೋದೂ ಒಂದೇ ದಿನಾನೇ ಸಾಮಿ" ಎಂದಳು ಬೈರಮ್ಮ.

ಬೇಲಿಗೆ ಜೋತಾಡುತ್ತಿದ್ದ ಮಕ್ಕಳಲ್ಲಿ ಒಬ್ಬ, "ಅಜ್ಜಿ, ತೆಗ್ಸಿ ಅಜ್ಜಿ, ಮೀನು ನೋಡ್ಬೇಕು" ಎಂದ. ಬೈರಮ್ಮ ಅವನನ್ನು ಸೊಂಟಕ್ಕೆ ಕೈಹಾಕಿ ಕೆಳಗಿಳಿಸಿದಳು. ಆಮೇಲೆ ಮುನಿಸ್ವಾಮಿಯ ಕಡೆ ತಿರುಗಿ, "ಒಳಗಿಟ್ಕೋ ಅದನ್ನ. ಇವತ್ತು ನನಗೆ ತೆಗೀತೀಯ, ನಾಳೆ ಇನ್ನೊಬ್ರಿಗೆ. ಹಿಂಗೆ ತೆಗೀತಾ ತೆಗೀತಾ ಬೀಗ ಹಾಕೋದೇ ಮರ್ತು ಹೋಗುತ್ತೆ" ಎಂದಳು.

"ಕಲ್ಲು ಕಣಮ್ಮ ನಿನ್ನೆದೆ" ಎಂದು ಆ ಹೆಂಗಸು ಸಿಡುಕಿದಳು. ರಾಮಾನುಜ ತಟ್ಟೆ ಹಿಡಿದು ತೊಟ್ಟಿಯ ಕಡೆ ನಡೆದರು. ಒಬ್ಬೊಬ್ಬರೇ ಅವರ ಹಿಂದೆ ಹೋದರು. ಯಾರೂ ಆಕೆಗೆ ಹೋಗಿಬರುತ್ತೇನೆ ಎನ್ನಲಿಲ್ಲ.

ಬೈರಮ್ಮ ಬೇಲಿಯ ಬುಡದಲ್ಲಿ, ಮೆಟ್ಟಿಲಿಗೆ ನೇರವಾಗಿ, ಹೆಂಚನ್ನು ಸೆರಗಿನಿಂದ ಒರೆಸಿ ಎಲೆ ಇಟ್ಟಳು. ಅನ್ನ, ಬಜ್ಜಿ, ಕಡಲೆಬೀಜ. ದೂರದ ಬೆಂಚಿಗೆ ಬಂದು ಕುಳಿತಳು. ನಾನೂ ಪಕ್ಕದಲ್ಲಿ ಕುಳಿತೆ. ಕಾಗೆಗಳೇನೋ ಇದ್ದವು. ಬೇಲಿಯಾಚೆ ಮೆಟ್ಟಿಲುಗಳ ಮೇಲೆ ಓಡಾಡುತ್ತಿದ್ದವು. ಪ್ರತಿವರ್ಷ ಆ ದಿನ ಅಲ್ಲಿ ಅನ್ನ ಸಿಗುತ್ತಿತ್ತಲ್ಲ. ಒಂದೆರಡು ಹಾರಿ ಬೇಲಿಯ ತುದಿಯಲ್ಲಿ ಕುಳಿತು ಕೆಳಗೆ ನೋಡಿದವು. ದಾರಿಯ ಮೇಲೆ ಶೂ ಹಾಕಿದವರು ನಡೆಯುತ್ತಲೇ ಇದ್ದರು. ಒಬ್ಬ ಯುವಕ ಕಿವಿಗೆ ಫೋನು ಸಿಕ್ಕಿಸಿಕೊಂಡು ಬಂದವನು ಎಲೆ ಕಂಡು, ಪಕ್ಕಕ್ಕೆ ಸರಿದು ಹೋದ. ಜನ ಸುಳಿದಂತೆಲ್ಲ ಕಾಗೆಗಳು ಹಾರಿ ಮತ್ತೆ ಆಚೆಗೇ ಇಳಿದವು.

"ಸ್ವಲ್ಪ ಹೊತ್ತು ನೋಡಿ, ಬರುತ್ತೆ" ಎಂದೆ.

"ಅವನಿಗೆ ಕಡ್ಲೆಬೀಜ ಅಂದ್ರೆ ಬಿಡ್ತಿರ್ಲಿಲ್ಲ. ಬತ್ತಾನೆ" ಎಂದಳು.

ಬಿಸಿಲು ಕೆಂಪಾಯಿತು. ನೀರಿನ ಮೇಲೆ ಹೊಂಗೆ ಮರಗಳ ನೆರಳು ಉದ್ದವಾಯಿತು. ಕಾಗೆಗಳು ಒಂದೊಂದಾಗಿ ಮೆಟ್ಟಿಲು ಬಿಟ್ಟು, ಹನುಮಂತನಗರದ ಗುಡ್ಡದ ಕಡೆಯ ಮರಗಳಿಗೆ ಹಾರಿದವು. ಕೊನೆಯದೂ ಹೋಯಿತು. ಎಲೆಯ ಅಂಚು ಒಣಗಿ ಒಳಕ್ಕೆ ಸುರುಳಿಯಾಗಿತ್ತು. ಅನ್ನವನ್ನು ಇರುವೆಗಳು ಮುತ್ತಿದ್ದವು.

"ಬೈರಮ್ಮ, ಮನೆಗೆ ಹೋಗಿ ಏನಾದರೂ ತಿನ್ನು. ನಸುಕಿನಿಂದ ಹಸಿದಿದ್ದೀಯ."

"ಕಾಗೆ ಮುಟ್ಟಿಲ್ವಲ್ಲ ಮೇಷ್ಟ್ರೇ" ಎಂದಳು. ಅಷ್ಟೇ.

ದೀಪ ಹತ್ತಿ ಬಹಳ ಹೊತ್ತಾದ ಮೇಲೆ ಮುನಿಸ್ವಾಮಿ ಸೀಟಿ ಊದಿದ. ನಡೆಯುವವರು ಹೊರಬಾಗಿಲ ಕಡೆ ತಿರುಗಿದರು. ಅವನು ನಮ್ಮ ಬೆಂಚಿನ ಹತ್ತಿರ ಬಂದಾಗ ಮಾತ್ರ ಸೀಟಿಯನ್ನು ಬಾಯಿಂದ ತೆಗೆದು ನಿಂತ. ಬೈರಮ್ಮ ಮಂಡಿಗೆ ಕೈಯೂರಿ ಎದ್ದಳು. ಎಲೆಯನ್ನು ಹಾಗೆಯೇ ಮಡಿಸಿ ಮರದ ಬುಡದಲ್ಲಿಟ್ಟಳು. ತಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. ಹೊರಟವಳು ಎರಡು ಹೆಜ್ಜೆ ಹೋಗಿ ಹಿಂದಿರುಗಿ ಬಂದಳು. ಬೇಲಿಯ ಸಣ್ಣ ಬಾಗಿಲ ಬಳಿ ನಿಂತು, ಬೀಗವನ್ನು ಹಿಡಿದು ಬಲವಾಗಿ ಎಳೆದು ನೋಡಿದಳು.

ಅದು ಭದ್ರವಾಗಿತ್ತು. ಆಮೇಲೆ ಮನೆಗೆ ಹೋದಳು.