ನೀಲಿಯಾದ ನಂಬರು

ನಮ್ಮಕ್ಕ ಬಸವನಗುಡಿ, ಚಾಮರಾಜಪೇಟೆಯ ಬೀದಿಬೀದಿ ಅಲೆದು ಹಳೇ ಮರಗಳ ಮೇಲೆ ಒಂದು ಪುಸ್ತಕ ಬರೆದಳು. ಮುನ್ನುಡಿಗೆ ಅಂತ ಒಬ್ಬ ದೊಡ್ಡ ಪ್ರೊಫೆಸರ್ ಹತ್ತಿರ ಹೋಗಿದ್ದೇ ತಪ್ಪಾಯಿತು. ಎರಡು ಪುಟ ಗೀಚಿಕೊಟ್ಟ ಪುಣ್ಯಾತ್ಮ, ಆಮೇಲೆ ಹೋದಲ್ಲೆಲ್ಲ ಭಾಷಣದಲ್ಲಿ ‘ನನ್ನ ಮರಗಳ ಪುಸ್ತಕ’ ಅನ್ನೋಕೆ ಶುರುಮಾಡಿದ. ಅಕ್ಕ ಫೋನ್ ಮಾಡಿ ಕೇಳಿದರೆ, ಪುಸ್ತಕ ಜನಕ್ಕೆ ಮುಟ್ಟಿದರೆ ಸಾಲದೇನಮ್ಮಾ ಅಂತ ಅವಳಿಗೇ ಬುದ್ಧಿ ಹೇಳಿದನಂತೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಒಂದು ಸಂಜೆ ವಿಶ್ವೇಶ್ವರಪುರಂ ತಿಂಡಿ ಬೀದಿಯಲ್ಲಿ ಪರಿಚಯದವರೊಬ್ಬರು ಸಿಕ್ಕಿ, ಪ್ರೊಫೆಸರ್ ಸಾರ್ ಅವರ ಮರಗಳ ಪುಸ್ತಕಕ್ಕೆ ಟೈಪಿಂಗ್ ಮಾಡಿಕೊಟ್ಟಿದ್ದು ನೀವೇ ಅಲ್ವಾ ಅಂತ ಅಕ್ಕನನ್ನು ಕೇಳಿಬಿಟ್ಟರು. ಅಕ್ಕ ತಟ್ಟೆಯಲ್ಲಿದ್ದ ದೋಸೆ ಮುಟ್ಟಲಿಲ್ಲ. ಹಳೇ ಬಾವಿಗಳ ಮೇಲೆ ಬರೆಯುತ್ತಿದ್ದ ಎರಡನೇ ಪುಸ್ತಕವನ್ನೂ ಅವತ್ತಿಗೇ ನಿಲ್ಲಿಸಿದಳು. ಇನ್ಯಾರಿಗೆ ಬರೆದುಕೊಡಲಿ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಬಿಟ್ಟರೂ ನಾನು ಬಿಡೋ ಪೈಕಿ ಅಲ್ಲ.

ಯಾರು ಬೇಕಾದರೂ ತಿದ್ದಬಹುದಾದ ವಿಕಿಯಲ್ಲಿ ಪ್ರೊಫೆಸರ್ ಬಗ್ಗೆ ಒಂದು ಪುಟ ಇತ್ತು. ಅವನ ಕೃತಿಗಳ ಜೊತೆ ಅಕ್ಕನ ಪುಸ್ತಕವನ್ನೂ ಸೇರಿಸಿದ್ದರು. ನಾನು ಅಳಿಸಿದೆ. ಪುಟ ಕಾಯುತ್ತಿದ್ದ ಅವನ ಶಿಷ್ಯ ಮತ್ತೆ ಹಾಕಿದ. ಅಳಿಸಿದೆ, ಹಾಕಿದ. ಕೊನೆಗೆ, ಗುರುಗಳದ್ದಲ್ಲ ಅನ್ನೋಕೆ ಆಧಾರ ಎಲ್ಲಿದೆ ಅಂತ ನನ್ನನ್ನೇ ಗದರಿದ. ಆಧಾರ ತಾನೇ, ತಗೋ ಅಂತ ಅಕ್ಕನ ಪುಸ್ತಕದ ಬೆನ್ನಿಗೆ ಅಚ್ಚಾಗಿದ್ದ, ಒಂದೊಂದು ಪುಸ್ತಕಕ್ಕೂ ಬೇರೆಬೇರೆ ಇರುವ ಐಎಸ್‌ಬಿಎನ್ ನಂಬರನ್ನು ಪುಟದಲ್ಲಿದ್ದ ಪುಸ್ತಕದ ಹೆಸರಿನ ಪಕ್ಕ ಟೈಪ್ ಮಾಡಿದೆ. ಅಷ್ಟೇ. ಆ ವಿಕಿಯಲ್ಲಿ ಅಂಥ ನಂಬರ್ ಹಾಕಿದರೆ ಸಾಕು, ತಾನಾಗೇ ನೀಲಿ ಲಿಂಕ್ ಆಗುತ್ತೆ. ಅದನ್ನು ಒತ್ತಿದರೆ ಗ್ರಂಥಾಲಯಗಳ ಹೆಸರು ಬರುತ್ತೆ, ಪುಸ್ತಕ ಇರುವ ಗ್ರಂಥಾಲಯದ ಪಟ್ಟಿ ತೆರೆದರೆ ಬರೆದವರು ಯಾರು ಅಂತ ಇರುತ್ತೆ. ಶಿಷ್ಯ ಒತ್ತಿ ನೋಡುವ ಗೋಜಿಗೇ ಹೋಗಲಿಲ್ಲ. ನಾನು ಸೋತು ಒಪ್ಪಿಕೊಂಡೆ ಅಂದುಕೊಂಡು, ಪುಟಕ್ಕೆ ಕಳೆ ಬಂತು ಅಂತ ನನಗೆ ಥ್ಯಾಂಕ್ಸ್ ಬೇರೆ ಹೇಳಿದ. ನಾನು ಬಾಯಿಮುಚ್ಚಿಕೊಂಡು ಕಾದೆ.

ಬಸವನಗುಡಿಯಲ್ಲೇ ಪ್ರೊಫೆಸರಿಗೆ ಸನ್ಮಾನ ಇಟ್ಟುಕೊಂಡರು. ಬರಲ್ಲ ಅಂತಿದ್ದ ಅಕ್ಕನನ್ನು ಎಳೆದುಕೊಂಡು ಹೋಗಿ ಮುಂದೆಯೇ ಕೂರಿಸಿದೆ. ಶಿಷ್ಯ ಅದೇ ವಿಕಿ ಪುಟವನ್ನು ದೊಡ್ಡ ಪರದೆ ಮೇಲೆ ಬಿಟ್ಟು ಗುರುಗಳ ಒಂದೊಂದೇ ಕೃತಿಯನ್ನು ಹೊಗಳುತ್ತಾ ಬಂದ. ಮರಗಳ ಪುಸ್ತಕದ ಸರದಿ ಬಂದಾಗ ನಾನು ಎದ್ದು ನಿಂತೆ.

"ಆ ನೀಲಿ ನಂಬರ್ ಒಂದ್ಸಲ ಒತ್ತಿ ತೋರಿಸ್ತೀರಾ? ಪುಸ್ತಕ ಎಲ್ಲಿ ಸಿಗುತ್ತೆ ಅಂತ ನಾವೂ ನೋಡ್ಕೋತೀವಿ."

ಪಾಪ, ಖುಷಿಯಿಂದಲೇ ಒತ್ತಿದ. ಮೇಲಿದ್ದ ಮೊದಲನೇ ಗ್ರಂಥಾಲಯ ತೆರೆದ. ಲೇಖಕಿ ಅಂತ ಅಕ್ಕನ ಹೆಸರು. ಅದರ ಕೆಳಗೆ, ಮುನ್ನುಡಿ ಅಂತ ಪ್ರೊಫೆಸರ್ ಹೆಸರು. ಹಿಂದಿನ ಸಾಲಿನಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಪ್ರೊಫೆಸರ್ ಇಂಗು ತಿಂದ ಮಂಗನ ಹಾಗೆ ಕೂತಿದ್ದ. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

ಸಭೆ ಮುಗಿದ ಮೇಲೆ ಪ್ರೊಫೆಸರ್ ಹಾರ ಕೊರಳಲ್ಲಿರುವಾಗಲೇ ಅಕ್ಕನ ಹತ್ತಿರ ಬಂದ. ಹುಡುಗರು ಏನೋ ಎಡವಟ್ಟು ಮಾಡಿದ್ದಾರೆ, ಸರಿಮಾಡಿಸ್ತೀನಿ, ಮುಂದಿನ ಪುಸ್ತಕಕ್ಕೆ ನನ್ನಿಂದ ಏನು ಆಗಬೇಕಾದರೂ ಕೇಳಮ್ಮಾ ಅಂದ. ಅಕ್ಕ ಅವನ ಮುಖವನ್ನೇ ನೋಡಿದಳು.

"ಬಾವಿಗಳ ಪುಸ್ತಕ ಮುಗಿಸ್ತೀನಿ ಸಾರ್. ಮುನ್ನುಡಿ ಬೇಡ."