ಹದ್ದಿನ ಆಟದ ಬಾಗಿಲಲ್ಲಿ ಗ್ಲೆನಿಸ್

ಆ ಪಾರ್ಕಿನ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಹತ್ತುವುದೂ ಬೇಡ. ಐದು ವರ್ಷವಾಯಿತು, ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಆದರೆ ನಮ್ಮ ಅತ್ತಿಗೆ ಗ್ಲೆನಿಸ್ ಎಂಥ ಹೆಂಗಸು ಎಂದು ಯಾರಾದರೂ ಕೇಳಿದರೆ ನಾನು ಆ ದಿನದ ಕಥೆಯನ್ನೇ ಹೇಳುತ್ತೇನೆ.

ಇಂಗ್ಲೆಂಡಿನ ನಮ್ಮ ಗ್ರಿಮ್ಸ್‌ಬಿಯಲ್ಲಿ, ಮೀನು ಬಂದರಿಗೆ ಹೋಗುವ ರಸ್ತೆಯ ಶಾಲೆಯ ಮುಂದೆ, ಇಪ್ಪತ್ತಾರು ವರ್ಷ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಮಾಡಿದವಳು ಅವಳು. ಹಳದಿ ಕೋಟು, ಉದ್ದ ಕೋಲಿನ ತುದಿಗೆ 'ನಿಲ್ಲಿ' ಎಂದು ಬರೆದ ದುಂಡು ಫಲಕ. ಎತ್ತರ ಐದಡಿಗೂ ಒಂದಿಂಚು ಕಡಿಮೆ. ಒಮ್ಮೆ ಲಾರಿಯವನೊಬ್ಬ ಹಾರ್ನ್ ಹೊಡೆದನೆಂದು, ಕೊನೆಯ ಮಗು ದಾಟಿದ ಮೇಲೂ ಅವನ ಮುಂದೆ ನಿಂತೇ ಇದ್ದಳು; ಅವನು ಎಂಜಿನ್ ಆರಿಸಿ ಸಾರಿ ಕೇಳಿದ ಮೇಲೆಯೇ ಸರಿದದ್ದು. ರಸ್ತೆ ಬಿಟ್ಟರೆ ಅವಳೂ ನಮ್ಮೆಲ್ಲರ ಹಾಗೆ, ಯಾರಾದರೂ ಕಾಲು ತುಳಿದರೆ ತಾನೇ ಸಾರಿ ಹೇಳುವವಳು.

ಅವಳ ಗಂಡ ಡೆರಿಕ್ ನನ್ನ ಅಣ್ಣ. ಮೀನು ಮಾರುಕಟ್ಟೆಯಲ್ಲಿ ಬೆಳಗಿನಿಂದ ಸಂಜೆವರೆಗೆ ದುಡಿತ, ಉಳಿದ ಜೀವವೆಲ್ಲ ಪಂದ್ಯದ ಪಾರಿವಾಳಗಳಲ್ಲಿ. ಬೇಸಿಗೆಯಲ್ಲಿ ಅವುಗಳನ್ನು ಫ್ರಾನ್ಸಿಗೆ ಒಯ್ದು ಹಾರಿಬಿಡುತ್ತಿದ್ದರು; ಅವು ಸಮುದ್ರ ದಾಟಿ ನಮ್ಮ ಹಿತ್ತಲಿಗೆ ಬರುತ್ತಿದ್ದವು. ಹಕ್ಕಿಗಳು ಫ್ರಾನ್ಸ್ ನೋಡಿದ್ದವು, ಅವನು ನೋಡಿರಲಿಲ್ಲ. ಆಮೇಲೆ ಅವನ ಕಣ್ಣು ಮಸುಕಾಗತೊಡಗಿತು. ಕ್ರಿಸ್‌ಮಸ್ ಹೊತ್ತಿಗೆ ಮುಖಗಳ ಗುರುತೂ ಸಿಗಲಾರದು ಎಂದರು ಡಾಕ್ಟರು. ಫ್ರಾನ್ಸಿನ ಆ ಪಾರ್ಕಿನಲ್ಲಿ ಹದ್ದು, ಗಿಡುಗ, ಗೂಬೆಗಳನ್ನು ಜನರ ತಲೆಯ ಮೇಲೆಯೇ ಹಾರಿಸುತ್ತಾರೆಂದು ಅವನಿಗೆ ಯಾರೋ ಹೇಳಿದ್ದರು.

"ಅದೊಂದು ನೋಡ್ಬಿಡ್ತೀನಿ, ಗ್ಲೆನ್. ಆಮೇಲೆ ಏನ್ ಬೇಕಾದ್ರೂ ಆಗ್ಲಿ," ಎಂದ.

ಮೂವರೂ ಹೊರಟೆವು. ಬಸ್ಸಿನ ಪ್ರವಾಸ, ಪಾರ್ಕಿಗೆ ಒಂದೇ ದಿನ, ಸಂಜೆ ಆರಕ್ಕೆ ವಾಪಸ್.

ಹನ್ನೊಂದರ ಆಟಕ್ಕೆ ಕ್ಯೂ ನಿಂತೆವು. ಕ್ಯೂ ಎಂದರೆ ನಾವು ಮೂವರೇ, ಉಳಿದದ್ದೆಲ್ಲ ಗುಂಪು. ಬಾಗಿಲು ತೆರೆದದ್ದೇ ತಡ, ಅಜ್ಜಿಯರು, ಮಕ್ಕಳ ಗಾಡಿಗಳು, ಬ್ರೆಡ್ಡಿನ ಬುಟ್ಟಿಗಳು ನಮ್ಮ ಎರಡೂ ಬದಿಯಿಂದ ನುಗ್ಗಿದವು. ನಾನು "ಸಾರಿ, ಸಾರಿ" ಎನ್ನುತ್ತ ದಾರಿ ಬಿಟ್ಟೆ. ಹೌದು, ನಾನೇ ಬಿಟ್ಟೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಜಾಗ ತುಂಬಿ ಬಾಗಿಲು ಮುಚ್ಚಿತು.

ಎರಡರ ಆಟಕ್ಕೆ ಊಟ ಬಿಟ್ಟು ಬಂದು ಎಲ್ಲರಿಗಿಂತ ಮುಂದೆ ನಿಂತೆವು. ಮೈಕಿನಲ್ಲಿ ಫ್ರೆಂಚಿನಲ್ಲಿ ಏನೋ ಹೇಳಿದರು. ಹಿಂದಿದ್ದವರೆಲ್ಲ ಗೊಣಗುತ್ತ ಎತ್ತಲೋ ನಡೆದರು.

"ನೋಡಿದ್ಯಾ, ಬೇಜಾರಾಗಿ ಹೋದ್ರು," ಎಂದು ನಾನು ಬೀಗಿದೆ.

ಅವರು ಹೋದದ್ದು ಇನ್ನೊಂದು ಬಾಗಿಲಿಗೆ. ಒಳಗೆ ಚಪ್ಪಾಳೆ ಕೇಳಿದಾಗಲೇ ನಮಗೆ ಅದು ಗೊತ್ತಾದದ್ದು. ಕೆಲಸದ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದೆ, ಅರ್ಥವಾಗಲಿಲ್ಲ. ಅದನ್ನೇ ಗಟ್ಟಿಯಾಗಿ ಕೇಳಿದೆ, ನಮ್ಮವರು ಎಲ್ಲ ಕಡೆ ಮಾಡುವ ಹಾಗೆ. ಅವಳು ನಕ್ಕು ಫ್ರೆಂಚಿನ ಹಾಳೆಯೊಂದನ್ನು ಕೈಗಿಟ್ಟಳು.

"ಎರಡು ಸಾಲು ಇಂಗ್ಲಿಷಲ್ಲಿ ಹೇಳೋಕೆ ಇವ್ರಿಗೇನು ದಾಡಿ?" ಎಂದೆ ನಾನು.

"ನಮ್ಮೂರಲ್ಲಿ ಫ್ರೆಂಚಲ್ಲಿ ಏನ್ ಹೇಳ್ತೀವಿ, ಮ್ಯಾವಿಸ್?" ಎಂದ ಡೆರಿಕ್.

"ನೀನ್ ಸುಮ್ನಿರು."

ಅವನು ಬೆಂಚಿನಲ್ಲಿ ಕೂತು ಗೋಡೆಯಾಚೆ ಮೇಲೇಳುತ್ತಿದ್ದ ಹಕ್ಕಿಗಳತ್ತ ಕಣ್ಣು ಕಿರಿದು ಮಾಡಿ ನೋಡಿದ. "ಏನದು, ಗ್ಲೆನ್? ಗಿಡುಗಾನಾ?" ಅವಳು ಸಿಟ್ಟಿನಿಂದ ಕತ್ತಿನವರೆಗೂ ಕೆಂಪಾಗಿದ್ದಳು.

ಕೊನೆಯ ಆಟ ನಾಲ್ಕೂವರೆಗೆ. ಬಾಗಿಲು ತೆರೆಯಿತು, ಮತ್ತೆ ಅದೇ ನೂಕುನುಗ್ಗಲು. ಯಾರದೋ ಮೊಣಕೈ ತಗುಲಿ ಡೆರಿಕ್ ಗೋಡೆಗೆ ಬಿದ್ದ. ನನ್ನ ಬಾಯಿಂದ ಮತ್ತೆ ಸಾರಿ ಬಂತು.

"ಇನ್ನೊಂದ್ಸಲ ಸಾರಿ ಅಂದ್ರೆ ಹಲ್ಲು ಉದುರಿಸ್ತೀನಿ, ಮ್ಯಾವಿಸ್!"

ಗ್ಲೆನಿಸ್ ನನ್ನ ಮಡಿಸಿದ ಕೊಡೆ ಕಿತ್ತುಕೊಂಡು ಬಾಗಿಲಿಗೆ ನುಗ್ಗಿದಳು, ಗುಂಪಿನತ್ತ ತಿರುಗಿ ನಿಂತಳು. ಒಂದು ಕೈಯಲ್ಲಿ ಕೊಡೆ ನೆಟ್ಟಗೆ, ಇನ್ನೊಂದು ತೋಳು ಅಡ್ಡ. "ನಿಲ್ಲಿ!" ಎಂದಳು, ಇಂಗ್ಲಿಷಿನಲ್ಲೇ. ಮೀನಿನ ಲಾರಿಗಳನ್ನು ನಿಲ್ಲಿಸಿದ ದನಿ ಅದು. ಜನ ನಿಂತರು. ಮುಂದಿದ್ದ ಮೀಸೆಯವನು ಎತ್ತಿದ್ದ ಕಾಲನ್ನು ಹಾಗೇ ಕೆಳಗಿಟ್ಟ.

"ಅವ್ನ ಕೈ ಹಿಡ್ಕೊ. ದಾಟ್ಸು."

ಅವಳ ತೋಳಿನ ಹಿಂದಿನಿಂದ ದಾಟಿದೆವು. ಜನ ಆಗ ಬೈಯತೊಡಗಿದರು. ಬೈಗುಳ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಅವಳು ಕದಲಲಿಲ್ಲ. ದಾಟುವವರು ಆಚೆ ಸೇರುವ ತನಕ ತೋಳು ಇಳಿಸಬಾರದು ಎನ್ನುವುದು ಅವಳ ಕೆಲಸದ ನಿಯಮ. ಡೆರಿಕ್ ಕೂತ ಮೇಲೆ ಇಳಿಸಿದಳು. ಗುಂಪು ಅವಳನ್ನು ಬದಿಗೆ ತಳ್ಳಿ ಒಳಗೆ ಬಂತು, ಜಾಗ ತುಂಬಿತು, ಬಾಗಿಲು ಮುಚ್ಚಿತು. ಅವಳು ಹೊರಗೇ ಉಳಿದಳು.

ಹದ್ದೊಂದು ಡೆರಿಕ್‌ನ ಕೂದಲು ಸವರಿಕೊಂಡು ಹೋಯಿತು. ಅವನು ನಕ್ಕ. ನಾನು ಸಿಟ್ಟಿನಲ್ಲಿ ಏನನ್ನೂ ಸರಿಯಾಗಿ ನೋಡಲಿಲ್ಲ. ಹೊರಗೆ ಬಂದಾಗ ಗ್ಲೆನಿಸ್ ಮುರಿದ ಕೊಡೆಯೊಂದಿಗೆ ಬೆಂಚಿನಲ್ಲಿ ಕೂತಿದ್ದಳು.

ಈಗ ಡೆರಿಕ್‌ಗೆ ಯಾರ ಮುಖವೂ ಕಾಣುವುದಿಲ್ಲ. ಕಳೆದ ಭಾನುವಾರ ಊಟಕ್ಕೆ ಕೂತಾಗ, ಆ ಹದ್ದು ನೆನಪಿದೆಯೇ ಎಂದು ಕೇಳಿದೆ.

"ಹದ್ದು ಚೆನ್ನಾಗಿತ್ತು. ಆದ್ರೆ ಇಪ್ಪತ್ತಾರು ವರ್ಷ ನಾನು ಮಾರ್ಕೆಟ್ನಲ್ಲೇ ಇದ್ನಲ್ಲ, ಇವಳು ಕೆಲಸ ಮಾಡೋದನ್ನ ನೋಡೇ ಇರ್ಲಿಲ್ಲ. ಅವತ್ತು ಬಾಗಿಲಲ್ಲಿ ನೋಡ್ದೆ."

ಗ್ಲೆನಿಸ್ ಆಲೂಗೆಡ್ಡೆಯ ತಟ್ಟೆಯನ್ನು ದಡಕ್ಕನೆ ಅವನ ಮುಂದಿಟ್ಟು, "ಮಾತು ಸಾಕು, ಆರೋಗತ್ತೆ, ತಿನ್ನು," ಎಂದಳು.