ಕಂಬಳಿ ಹಾಸದ ಮಸಲತ್ತು

ಮಸಲತ್ತು ಎಂದರೆ ಪೇಟೆಯವರಿಗೆ ಬೈಗುಳ. ಯಾರದೋ ಕಾಲೆಳೆಯಲು ಕೂಡಿಕೊಂಡರು ಎಂದರ್ಥ. ಕುರಿ ಸಾಕುವ ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಗಂಡಸರು ಹಟ್ಟಿಯ ಹಿಂದೆ ಕಂಬಳಿ ಹಾಸಿ ಕೂತು, ದನಿ ತಗ್ಗಿಸಿ ಮಾತಾಡಿ ಏಳುತ್ತಿದ್ದರು. ಹೆಂಗಸರನ್ನು ಕೇಳುವ ಪದ್ಧತಿ ಇರಲಿಲ್ಲ. ನಮ್ಮ ಕುಲದೇವರು ಬೀರಪ್ಪನ ಕಂಬಳಿಯ ಮೇಲೆ ಆಡಿದ ಮಾತು ಎಂದರೆ ಮುಗಿಯಿತು.

ಕೇಳದಿದ್ದರೂ ನನಗೂ ನನ್ನ ನೆಗೆಣ್ಣಿಗೂ, ಅಂದರೆ ಮೈದುನನ ಹೆಂಡತಿಗೂ, ಎಲ್ಲ ಮೊದಲೇ ಗೊತ್ತಾಗುತ್ತಿತ್ತು. ಹಳೆಯ ಕಂಬಳಿ ತೆಗೆದರೆ ಕುರಿ ಜಳಕೋಟದ ಕಡೆ ಹೊಡೆಯಬೇಕೋ ದೇವಣಿ ಕಡೆಯೋ ಎಂಬ ಮಾತು. ಅಂಚು ಕಟ್ಟಿದ ಹೊಸದು ತೆಗೆದರೆ ಯಾರದೋ ಮದುವೆ. ಉಣ್ಣೆ ಹಿಂಜುತ್ತ ಕೂತಲ್ಲೇ ನಾವು ನಮ್ಮ ಮಸಲತ್ತು ಮುಗಿಸಿಬಿಡುತ್ತಿದ್ದೆವು.

“ಅಕ್ಕಾ, ಅವರು ಕಂಬಳಿ ಝಾಡಿಸೂದ್ರಾಗ ನಾವು ಮದಿವಿ ಮಾಡಿ ಹುಡಿಗಿ ಕಳಿಸೇಬಿಡ್ತೀವಿ ನೋಡು,” ಎನ್ನುತ್ತಿದ್ದಳು ಆಕೆ.

ಒಂದು ಮಧ್ಯಾಹ್ನ ನನ್ನ ಗಂಡ, ಮೈದುನ ಇಬ್ಬರೂ ಬರಿ ನೆಲದ ಮೇಲೆ ಕೂತರು. ಕಂಬಳಿ ಎರಡೂ ಗೂಟದಲ್ಲೇ ಇದ್ದವು.

“ಬೀಡಿ ಸೇದಾಕ ಕುಂತಾರ, ಬಿಡು,” ಎಂದೆ ನಾನು.

ಆಕೆ ಹೋಗಿ ಚಹಾ ಕೊಟ್ಟೂ ಬಂದಳು. ಸಂಜೆಗೆ ತಿಳಿಯಿತು, ಒಲೆ ಬೇರೆಯಾಗಿತ್ತು. ಬೀರಪ್ಪನ ಕಂಬಳಿಯ ಮೇಲೆ ಮನೆ ಒಡೆಯುವ ಮಾತು ಆಡಬಾರದೆಂದು ಅವರು ಅದನ್ನು ಮುಟ್ಟಿರಲಿಲ್ಲ. ನಮಗೆ ಅದು ಹೊಳೆಯಲೇ ಇಲ್ಲ. ಮೈದುನ ತನ್ನ ಪಾಲಿನ ಕುರಿ ಮಾರಿ ಸಂಸಾರ ಸಮೇತ ನಿಲಂಗಾ ಪೇಟೆಗೆ ಹೋದ. ಟೆಂಪೊ ಹತ್ತುವಾಗ ಆಕೆ ತನ್ನ ಹಿಂಜುವ ಬಿಲ್ಲನ್ನು ನನ್ನ ಕೈಗೆ ಕೊಟ್ಟಳು. “ಅಲ್ಲಿ ಉಣ್ಣಿ ಎಲ್ಲಿಂದ ತರ್ಲಿ,” ಎಂದಳು, ಅಷ್ಟೆ. ಬಿಲ್ಲು ಈಗಲೂ ನನ್ನ ಹಾಸಿಗೆಯ ತಲೆದೆಸೆಯಲ್ಲಿದೆ.

ಈಗ ಇಬ್ಬರ ಗಂಡಂದಿರೂ ಇಲ್ಲ. ಆಕೆ ಬಂದು ನನ್ನ ಜೊತೆ ಇರಬೇಕು. ನನಗೆ ಬೇರೆ ಏನೂ ಬೇಡ. ಇದರ ಮೇಲೆ ನನ್ನ ಮಗ, ಆಕೆಯ ಮಗ ಫೋನಿನಲ್ಲಿ ಮಸಲತ್ತು ನಡೆಸಿದ್ದಾರೆ. ನಾನು ಹತ್ತಿರ ಹೋದರೆ ಮಗ ಫೋನು ಹಿಡಿದು ಬಾವಿಯ ಕಡೆ ನಡೆಯುತ್ತಾನೆ.

“ಏನ್ ಠರಾಸಿದ್ರೋ, ಏನ್ ತೀರ್ಮಾನ ಆತು?” ಎಂದು ಕೇಳಿದೆ.

“ಬಘೂ, ನೋಡೂಣು ಯವ್ವಾ. ಮಂದಿ ಏನಂತಾರ, ಅದೂ ನೋಡ್ಬೇಕಲ್ಲ.”

“ಮಂದಿ ಬಂದು ನನ್ನ ಬೆನ್ನ ಉಜ್ಜತಾರೇನು?”

ನಿನ್ನೆ ಮೊಮ್ಮಗಳ ಕೈಲಿ ಆಕೆಗೆ ಫೋನು ಹಚ್ಚಿಸಿದೆ. “ಬರ್ತೀ ಏನ?” ಎಂದೆ.

“ಹುಡುಗರು ಮಸಲತ್ ಮುಗಿಸ್ಲಿ, ಅಕ್ಕಾ.” ಮತ್ತೆ ಆಕೆಯೇ ಕೇಳಿದಳು, “ಕಂಬಳಿ ಹಾಸ್ಯಾರೇನು?”

“ಫೋನಿನಾಗ ಎಲ್ಲಿ ಹಾಸ್ತಾರ.”

“ಮನಿ ಒಡದಾಗೂ ಹಾಸಿರ್ಲಿಲ್ಲ,” ಎಂದು ಆಕೆ ಫೋನು ಇಟ್ಟಳು.

ಸಂಜೆ ಅಂಚು ಕಟ್ಟಿದ ಕಂಬಳಿ ತೆಗೆದು ನಾನೇ ಹಟ್ಟಿಯ ಹಿಂದೆ ಹಾಸಿದೆ. ಮಗ ಬಾವಿಯಿಂದ ಬಂದು ನೋಡಿದ.

“ಇದೇನ್ ಯವ್ವಾ?”

“ಕುಂಡ್ರು. ಆಕಿ ಮಗಗ ಫೋನ್ ಹಚ್ಚು. ನನಗ ಕೇಳೂಹಂಗ ಮಾತಾಡ್ರಿ.”

ಬಾವಿಯ ಕಡೆ ಒಮ್ಮೆ ನೋಡಿ, ಚಪ್ಪಲಿ ಬಿಟ್ಟು ಕೂತ. ನನ್ನ ಪಕ್ಕದಲ್ಲೇ ಕೂತಿದ್ದ. ಆಚೆ ಸರಿಯೆಂದು ಕೈ ಮಾಡಿದೆ. ಅದು ಆಕೆಯ ಜಾಗ.